ಗಂಟಿಲ್ಲದ ಕ್ಯಾನ್ಸರ್ ಮತ್ತು ನಮ್ಮ ಮೌನ

ನಮ್ಮ ಕರಾವಳಿಯಲ್ಲಿ ಹಟ್ಟಿಯ ಹಸುವಿಗೆ ಕೆಚ್ಚಲು ಬಾವು ಬಂದರೆ ಅದು ಕೂಡಲೇ ಇಡೀ ಮನೆಗೆ ತಿಳಿಯುತ್ತದೆ. ಕೆಚ್ಚಲು ಕೆಂಪಾಗಿದೆ, ಮುಟ್ಟಿದರೆ ಬಿಸಿಯಾಗಿದೆ, ಹಾಲು ಕರೆಯಲು ಬಿಡುತ್ತಿಲ್ಲ ಎಂದು ಮನೆಯ ಯಜಮಾನ ಹಾಲಿನ ಸೊಸೈಟಿಯಲ್ಲಿ ನಾಲ್ಕು ಜನರ ಎದುರು ನಿಸ್ಸಂಕೋಚವಾಗಿ ಹೇಳುತ್ತಾನೆ. ಸಂಜೆಯೊಳಗೆ ಪಶುವೈದ್ಯರಿಗೆ ಕರೆ ಹೋಗುತ್ತದೆ. ಅದೇ ಮನೆಯ ಹೆಂಗಸಿನ ಎದೆಗೆ ಅಂಥದೇ ಬಾವು ಬಂದರೆ? ಅದು ಸೆರಗಿನ ಮರೆಯಲ್ಲಿಯೇ ಉಳಿದುಬಿಡುತ್ತದೆ. ಈ ಮಾತು ಕೆಲವರಿಗೆ ಒರಟಾಗಿ ಕೇಳಿಸಬಹುದು. ಆದರೆ ಇದನ್ನು ಹೇಳದೆ ಇಂದಿನ ವಿಷಯವನ್ನು ಆರಂಭಿಸಲು ನನಗೆ ಸಾಧ್ಯವಾಗುತ್ತಿಲ್ಲ.

1990ರ ದಶಕದಲ್ಲಿ ನನ್ನ ಜತೆ ಪಾಠ ಮಾಡುತ್ತಿದ್ದ ಶಿಕ್ಷಕಿಯೊಬ್ಬರಿದ್ದರು. ಕರಿಹಲಗೆಯ ಮೇಲಂಚಿನಿಂದ ಬರೆಯಲಾರಂಭಿಸುವುದು ಅವರ ಅಭ್ಯಾಸ. ಒಂದು ಮಳೆಗಾಲದಲ್ಲಿ ಅವರು ಹಲಗೆಯ ನಡುವಿನಿಂದ ಬರೆಯತೊಡಗಿದರು, ಬಲಗೈ ಮೇಲೇರುತ್ತಿರಲಿಲ್ಲ. ಹಲವು ದಿನ ವಿಚಾರಿಸಿದ ಮೇಲೆ, ಬಲ ಎದೆ ಕೆಂಪಾಗಿ ಊದಿಕೊಂಡಿದೆ, ಭಾರವೆನಿಸುತ್ತದೆ ಎಂದರು. ತಪಾಸಣೆ ಮಾಡಿಸಿಕೊಳ್ಳಿ ಎಂದಾಗ ಅವರು ಕೊಟ್ಟ ಉತ್ತರ ಇಂದಿಗೂ ನನ್ನ ಕಿವಿಯಲ್ಲಿದೆ: “ಗಂಟು ಏನೂ ಇಲ್ಲ ಟೀಚರ್. ಗಂಟಿದ್ದರೆ ತಾನೇ ಹೆದರಬೇಕಾದದ್ದು?”

ಅವರ ತರ್ಕದಲ್ಲಿ ತಪ್ಪಿರಲಿಲ್ಲ. ಸ್ತನ ಕ್ಯಾನ್ಸರ್ ಎಂದರೆ ಗಂಟು ಎಂದೇ ನಾವೆಲ್ಲ ಕಲಿತಿದ್ದೆವು, ಕಲಿಸಿದ್ದೆವು. ಮೊದಲು ನೋಡಿದ ವೈದ್ಯರು ಮೊಲೆಬಾವು ಎಂದು ಆ್ಯಂಟಿಬಯಾಟಿಕ್ ಕೊಟ್ಟರು. ಇಳಿಯದಿದ್ದಾಗ ಮತ್ತೊಮ್ಮೆ ಕೊಟ್ಟರು, ಮಗದೊಮ್ಮೆ ಕೊಟ್ಟರು. ನಡುವೆ ಬಂಧುಗಳೊಬ್ಬರು ಸರ್ಪಸುತ್ತು ಎಂದು ಹೇಳಿ ಸೊಪ್ಪಿನ ಲೇಪ ಹಚ್ಚಿಸಿದರು. ಎರಡೂವರೆ ತಿಂಗಳು ಹೀಗೆ ಕಳೆದ ಮೇಲೆ ಬಯಾಪ್ಸಿ ನಡೆಯಿತು. ಆ ಹೊತ್ತಿಗೆ ರೋಗ ಮೂಳೆಯನ್ನು ಸೇರಿತ್ತು. ಮುಂದಿನ ಶಾಲಾ ವಾರ್ಷಿಕೋತ್ಸವಕ್ಕೆ ಅವರಿರಲಿಲ್ಲ.

ಅವರಿಗೆ ಬಂದದ್ದು ಉರಿಯೂತದ ಸ್ತನ ಕ್ಯಾನ್ಸರ್. ವೈದ್ಯರ ಭಾಷೆಯಲ್ಲಿ ಇನ್‌ಫ್ಲಮೇಟರಿ ಬ್ರೆಸ್ಟ್ ಕ್ಯಾನ್ಸರ್. ಇದು ವಿರಳ. ಅಮೆರಿಕದ ಲೆಕ್ಕದಂತೆ ನೂರು ಸ್ತನ ಕ್ಯಾನ್ಸರ್‌ಗಳಲ್ಲಿ ಒಂದರಿಂದ ಐದು ಮಾತ್ರ ಈ ಬಗೆಯವು. ಆದರೆ ಇದರ ವೇಗ ಭಯಂಕರ. ಸಾಮಾನ್ಯ ಕ್ಯಾನ್ಸರ್ ಒಂದೆಡೆ ಬೀಡುಬಿಟ್ಟು ಗಂಟಾಗಿ ಬೆಳೆದರೆ, ಇದರ ಜೀವಕೋಶಗಳು ಚರ್ಮದೊಳಗಿನ ದುಗ್ಧರಸದ ಸೂಕ್ಷ್ಮ ನಾಳಗಳನ್ನು ಹೊಕ್ಕು ಅವನ್ನು ಕಟ್ಟಿಬಿಡುತ್ತವೆ. ಹೊರಹೋಗಲಾರದ ದ್ರವ ಅಲ್ಲಿಯೇ ನಿಲ್ಲುತ್ತದೆ. ಸ್ತನ ಊದಿ, ಕೆಂಪೇರಿ, ಬಿಸಿಯಾಗುತ್ತದೆ. ಚರ್ಮ ದಪ್ಪವಾಗಿ ಕಿತ್ತಳೆ ಸಿಪ್ಪೆಯಂತೆ ಸಣ್ಣ ಸಣ್ಣ ಕುಳಿ ಬೀಳುತ್ತದೆ. ಮೊಲೆತೊಟ್ಟು ಒಳಗೆ ಸೆಳೆದುಕೊಳ್ಳಬಹುದು. ಇವೆಲ್ಲ ಕೆಲವೇ ವಾರಗಳಲ್ಲಿ ನಡೆಯುತ್ತವೆ. ಕೈಗೆ ಗಂಟು ಸಿಗದಿರಬಹುದು. ಮ್ಯಾಮೊಗ್ರಾಮ್‌ನಲ್ಲಿ ಕೂಡ ಗೆಡ್ಡೆ ಕಾಣದೆ, ಚರ್ಮ ದಪ್ಪವಾದದ್ದಷ್ಟೇ ಕಾಣಿಸಬಹುದು. ನೋಟಕ್ಕೆ ಸೋಂಕಿನಂತೆ ತೋರುವುದರಿಂದಲೇ ಇದು ವೈದ್ಯರನ್ನೂ ವಂಚಿಸುತ್ತದೆ.

ಇದು ಹೊಸ ಕಾಯಿಲೆಯೂ ಅಲ್ಲ. ನೋವಿನೊಂದಿಗೆ ನೇರಳೆ ಬಣ್ಣಕ್ಕೆ ತಿರುಗುವ ಸ್ತನದ ಚರ್ಮವು ಕೆಟ್ಟ ಸೂಚನೆಯೆಂದು ಸರ್ ಚಾರ್ಲ್ಸ್ ಬೆಲ್ 1814ರಲ್ಲಿಯೇ ಬರೆದಿದ್ದರು. 1924ರಲ್ಲಿ ಲೀ ಮತ್ತು ಟ್ಯಾನೆನ್‌ಬಾಮ್ ಎಂಬ ವೈದ್ಯರು ಇದನ್ನು ವಿವರವಾಗಿ ವರ್ಣಿಸಿದ ಮೇಲೆ ಇಂದಿನ ಹೆಸರು ರೂಢಿಗೆ ಬಂತು. ಗುರುತು ಹಿಡಿಯುವ ಮಾನದಂಡಗಳನ್ನು ಕುರಿತು ತಜ್ಞರು 2011ರಲ್ಲಿ ಅಂತರರಾಷ್ಟ್ರೀಯ ಒಮ್ಮತಕ್ಕೆ ಬಂದರು: ಲಕ್ಷಣಗಳು ಹಠಾತ್ತನೆ ಆರಂಭವಾಗಿ ಆರು ತಿಂಗಳು ಮೀರಿರಬಾರದು, ಕೆಂಪು ಸ್ತನದ ಮೂರನೆಯ ಒಂದು ಭಾಗವನ್ನಾದರೂ ಆವರಿಸಿರಬೇಕು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಖಚಿತವಾಗಬೇಕು.

ಚಿಕಿತ್ಸೆಯಲ್ಲಿ ನಮ್ಮ ಸಹಜಬುದ್ಧಿಗೆ ವಿರುದ್ಧವಾದ ಒಂದು ಸಂಗತಿಯಿದೆ. ಕ್ಯಾನ್ಸರ್ ಎಂದು ತಿಳಿದೊಡನೆ ಮನೆಯವರು “ಮೊದಲು ಆಪರೇಷನ್ ಮಾಡಿ ತೆಗೆದುಬಿಡಿ ಡಾಕ್ಟ್ರೇ” ಎನ್ನುತ್ತಾರೆ. ಇಲ್ಲಿ ಆ ಆತುರ ಸಲ್ಲದು. ಚರ್ಮದಲ್ಲೆಲ್ಲ ಹರಡಿದ ರೋಗವನ್ನು ಮೊದಲೇ ಕೊಯ್ದರೆ ಬೇರು ಒಳಗೇ ಉಳಿಯುತ್ತದೆ. ಶಸ್ತ್ರಚಿಕಿತ್ಸೆಯೊಂದನ್ನೇ ನೆಚ್ಚಿದ್ದ ಕಾಲದಲ್ಲಿ ಐದು ವರ್ಷ ಬದುಕುಳಿದವರು ನೂರಕ್ಕೆ ಐದು ಮಂದಿಯೂ ಇರಲಿಲ್ಲ. ಈಗಿನ ಕ್ರಮವೇ ಬೇರೆ: ಮೊದಲು ಕಿಮೋಥೆರಪಿ, ರೋಗ ಹಿಮ್ಮೆಟ್ಟಿದ ಮೇಲೆ ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯುವ ಶಸ್ತ್ರಚಿಕಿತ್ಸೆ, ಬಳಿಕ ವಿಕಿರಣ ಚಿಕಿತ್ಸೆ. ಅರ್ಬುದವು ಹಾರ್ಮೋನಿಗೆ ಸ್ಪಂದಿಸುವುದೇ, ಅದರಲ್ಲಿ ಹರ್-2 ಎಂಬ ಪ್ರೋಟೀನು ಹೆಚ್ಚಾಗಿದೆಯೇ ಎಂಬ ಪರೀಕ್ಷೆಯೂ ಅಗತ್ಯ; ಔಷಧದ ಆಯ್ಕೆ ಅದರ ಮೇಲೆ ನಿಂತಿದೆ. ಹರ್-2 ಇದ್ದವರಿಗೆ ಕೊಡುವ ಟ್ರಾಸ್ಟುಜುಮ್ಯಾಬ್ ಒಂದು ಕಾಲಕ್ಕೆ ಶ್ರೀಮಂತರ ಔಷಧಿಯಾಗಿತ್ತು. ಅದಕ್ಕೆ ಸಮಾನವಾದ ದೇಶೀಯ ಔಷಧಿಗೆ 2013ರಲ್ಲಿ ಒಪ್ಪಿಗೆ ಪಡೆದು ಮರುವರ್ಷ ಮಾರುಕಟ್ಟೆಗೆ ತಂದದ್ದು ಬೆಂಗಳೂರಿನ ಬಯೋಕಾನ್ ಸಂಸ್ಥೆ.

ಹಾಗಾದರೆ ನಮಗೆ ಕೊರತೆಯಿರುವುದು ಯಾವುದರದ್ದು? ಆಸ್ಪತ್ರೆಗಳದ್ದಂತೂ ಅಲ್ಲ. 1848ರಷ್ಟು ಹಳೆಯ ವೆನ್ಲಾಕ್ ಆಸ್ಪತ್ರೆ ನಮ್ಮ ಊರಿನಲ್ಲಿದೆ. 1880ರಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಆರಂಭಿಸಿದ ಪುಟ್ಟ ಔಷಧಾಲಯ ಇಂದು ವೈದ್ಯಕೀಯ ಕಾಲೇಜು. ಕಾಸರಗೋಡಿನಿಂದ, ಕೊಡಗಿನಿಂದ, ಉತ್ತರ ಕನ್ನಡದಿಂದ ರೋಗಿಗಳು ಮಂಗಳೂರನ್ನು ಅರಸಿ ಬರುತ್ತಾರೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಗೆ ಅವಕಾಶವಿದೆ. ನನ್ನ ಸಹೋದ್ಯೋಗಿಯ ಮನೆಯಿಂದ ದೊಡ್ಡಾಸ್ಪತ್ರೆಗೆ ಬಸ್ಸಿನಲ್ಲಿ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷಕ್ಕೆ ಎರಡೂವರೆ ತಿಂಗಳು ಹಿಡಿಯಿತು.

ಸರಕಾರ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ 30ರಿಂದ 65 ವಯಸ್ಸಿನ ಮಹಿಳೆಯರ ಸ್ತನ ತಪಾಸಣೆ ಐದು ವರ್ಷಕ್ಕೊಮ್ಮೆ ನಡೆಯಬೇಕು. ಅದು ಸ್ವಾಗತಾರ್ಹವೇ, ಗಂಟಿನ ಕ್ಯಾನ್ಸರನ್ನು ಬೇಗ ಹಿಡಿಯಲು ಅದರಿಂದ ಉಪಕಾರವಿದೆ. ಆದರೆ ವಾರಗಳಲ್ಲಿ ಬೆಳೆಯುವ ಈ ರೋಗ ಐದು ವರ್ಷಕ್ಕೊಮ್ಮೆ ಬೀಸುವ ಬಲೆಗೆ ಬೀಳುವುದು ಕೇವಲ ಆಕಸ್ಮಿಕ. ಇದನ್ನು ಮೊದಲು ಕಾಣಬೇಕಾದವಳು ಆ ಮಹಿಳೆಯೇ. ಕಂಡದ್ದನ್ನು ಆಕೆ ಬಾಯಿಬಿಟ್ಟು ಹೇಳಬೇಕು. ಕೇಳಿದ ವೈದ್ಯರು ಕಾಲವನ್ನು ಎಣಿಸಬೇಕು.

ಹೀಗೆ ಹೇಳಿದರೆ ಹಾಲೂಡಿಸುವ ತಾಯಂದಿರನ್ನೆಲ್ಲ ವೃಥಾ ಹೆದರಿಸಿದಂತಾಗದೇ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕೆಂಪಾದ ಸ್ತನಗಳಲ್ಲಿ ಬಹುಪಾಲು ನಿಜವಾಗಿಯೂ ಸೋಂಕಿನವೇ, ಔಷಧಿಗೆ ಇಳಿಯುವಂಥವೇ. ಆದ್ದರಿಂದ ಮೊದಲ ಬಾರಿ ಆ್ಯಂಟಿಬಯಾಟಿಕ್ ಕೊಡುವುದು ತಪ್ಪಲ್ಲ. ಇಳಿಯದಿದ್ದಾಗ ಅದನ್ನೇ ಮತ್ತೆ ಬರೆದುಕೊಡುವುದು ತಪ್ಪು. ಒಂದು ವಾರ, ಹೆಚ್ಚೆಂದರೆ ಹತ್ತು ದಿನಗಳ ಔಷಧಿಗೆ ಕೆಂಪು, ಬಾವು ಇಳಿಯದಿದ್ದರೆ ಸ್ಕ್ಯಾನಿಂಗ್ ಮಾಡಿಸಬೇಕು. ಸ್ತನದಿಂದಲೂ ಚರ್ಮದಿಂದಲೂ ಸಣ್ಣ ಚೂರು ತೆಗೆದು ಬಯಾಪ್ಸಿಗೆ ಕಳುಹಿಸಬೇಕು. ಮಗುವಿಗೆ ಹಾಲೂಡಿಸದ ಹೆಂಗಸಿನಲ್ಲಿ, ಅದರಲ್ಲೂ ಮುಟ್ಟು ನಿಂತವರಲ್ಲಿ, ಹೀಗಾದರೆ ಅನುಮಾನ ಮೊದಲ ದಿನವೇ ಮೂಡಬೇಕು. ವೈದ್ಯರು ಹೇಳದಿದ್ದರೆ ರೋಗಿಯೇ “ಬಯಾಪ್ಸಿ ಬೇಡವೇ?” ಎಂದು ಕೇಳಬೇಕು. ಅದು ವೈದ್ಯರಿಗೆ ತೋರುವ ಅಗೌರವವಲ್ಲ.

ಹೀಗೆ ಮಾಡಿದವರೆಲ್ಲರೂ ಉಳಿಯುತ್ತಾರೆ ಎಂದು ನಾನು ಹೇಳಲಾರೆ. ಪತ್ತೆಯಾಗುವ ಹೊತ್ತಿಗೇ ಮೂವರಲ್ಲಿ ಒಬ್ಬರಿಗೆ ರೋಗ ದೂರದ ಅಂಗಗಳಿಗೆ ಹರಡಿರುತ್ತದೆ. ಆದರೆ ಮೂರೂ ಚಿಕಿತ್ಸೆಗಳನ್ನು ಕ್ರಮವಾಗಿ ಪಡೆದವರಲ್ಲಿ ಹಲವರು ಇಂದು ಐದು ವರ್ಷಗಳ ಗಡಿ ದಾಟುತ್ತಿದ್ದಾರೆ. ಆ ಅವಕಾಶ ತಡಮಾಡಿದಷ್ಟೂ ಕುಗ್ಗುತ್ತದೆ.

ಕೊನೆಗೆ ನನ್ನದೊಂದು ತಪ್ಪೊಪ್ಪಿಗೆ. ಪಠ್ಯಪುಸ್ತಕದಲ್ಲಿ ದೇಹವನ್ನು ಕುರಿತ ಆ ಪಾಠ ಬಂದಾಗ “ಇದನ್ನು ಮನೆಯಲ್ಲಿ ಓದಿಕೊಳ್ಳಿ ಮಕ್ಕಳೇ” ಎಂದು ದಾಟಿಸಿದವರಲ್ಲಿ ನಾನೂ ಒಬ್ಬಳು. ತಲೆ, ಹೊಟ್ಟೆ, ಕಾಲು ಎಂದಷ್ಟೇ ಸಲೀಸಾಗಿ ಮೊಲೆ ಎಂಬ ಶಬ್ದವನ್ನು ನಾನು ಅಂದು ತರಗತಿಯಲ್ಲಿ ಉಚ್ಚರಿಸಿದ್ದರೆ, ನನ್ನ ವಿದ್ಯಾರ್ಥಿನಿಯರಲ್ಲಿ ಕೆಲವರಿಗಾದರೂ ಮುಂದೆ ವೈದ್ಯರ ಎದುರು ನಾಲಗೆ ತಡವರಿಸುತ್ತಿರಲಿಲ್ಲವೇನೋ. ಈಗ ಪಾಠ ಮಾಡುತ್ತಿರುವ ಶಿಕ್ಷಕಿಯರು ಆ ಪಾಠವನ್ನು ದಯವಿಟ್ಟು ದಾಟಿಸದಿರಲಿ. ಗಂಟಿಲ್ಲವೆಂದು ಯಾರೂ ನಿಶ್ಚಿಂತರಾಗದಿರಲಿ. ಹಟ್ಟಿಯ ಹಸುವಿನ ಬಗ್ಗೆ ತೋರುವಷ್ಟು ಕಾಳಜಿಯನ್ನಾದರೂ ನಮ್ಮ ಮನೆಯ ಹೆಂಗಸರ ಬಗ್ಗೆ ತೋರೋಣ.