ಗಾಲಿಯ ಮೇಲಿನ ಮನೆ, ಪರದೆಯ ಹಿಂದಿನ ಹಬ್ಬ

ಹಬ್ಬಕ್ಕೆ ಮನೆ ಸಿಂಗರಿಸುವ ಮಾತು ಬಂದಾಗ ‘ಮನೆ’ ಎಂಬ ಪದವನ್ನು ಯಾರೂ ಪ್ರಶ್ನಿಸುವುದಿಲ್ಲ. ಮನೆಯೊಂದಿದೆ, ಅದಕ್ಕೆ ಬಾಗಿಲಿದೆ, ತೋರಣ ಕಟ್ಟುವುದಷ್ಟೇ ಬಾಕಿ ಎಂಬುದು ನಮ್ಮೆಲ್ಲರ ನಿಶ್ಚಿಂತ ಭಾವನೆ. ಅಮೆರಿಕದಲ್ಲಿ ಪ್ರತಿ ಡಿಸೆಂಬರ್ ತಿಂಗಳೂ ಈ ನಿಶ್ಚಿಂತೆಯನ್ನು ಕದಡುವ ದೃಶ್ಯವೊಂದು ಕಾಣಸಿಗುತ್ತದೆ. ಅಲ್ಲಿ ‘ಆರ್‌ವಿ’ ಎಂದು ಕರೆಯಲಾಗುವ ವಾಹನಗಳಿವೆ. ಹಾಸಿಗೆ, ಅಡುಗೆ ಕಟ್ಟೆ, ಶೌಚಾಲಯ ಎಲ್ಲವನ್ನೂ ಒಳಗೊಂಡ ಮೋಟಾರು ಬಂಡಿಗಳು ಅಥವಾ ಟ್ರಕ್ಕಿನ ಹಿಂದೆ ಎಳೆದೊಯ್ಯುವ ಟ್ರೇಲರ್‌ಗಳು ಅವು. ರಜೆಯ ವಿಹಾರಕ್ಕೆಂದು ತಯಾರಾದ ಈ ವಾಹನಗಳಲ್ಲೇ ವರ್ಷವಿಡೀ ಬದುಕುವವರು ಕ್ರಿಸ್‌ಮಸ್ ಬಂದಾಗ ಅವುಗಳನ್ನೇ ಸಿಂಗರಿಸುತ್ತಾರೆ.

ಇದನ್ನು ಭಾನುವಾರದ ಪುರವಣಿಗೆ ಒಪ್ಪುವ ಹಗುರ ಸುದ್ದಿ ಎಂದು ಬದಿಗಿಡಬಹುದು. ನಾನು ಹಾಗೆ ಭಾವಿಸುವುದಿಲ್ಲ. ದೀಪದ ಸರ ಬಂಡಿಯ ಹೊರಗೆ ತೂಗುತ್ತಿದೆಯೇ ಅಥವಾ ಒಳಗೆ, ಬಿಗಿಯಾಗಿ ಎಳೆದ ಪರದೆಯ ಹಿಂದೆ ಉರಿಯುತ್ತಿದೆಯೇ ಎಂಬುದನ್ನು ಗಮನಿಸಿದರೆ, ಆ ದೇಶ ಯಾರ ವಾಸವನ್ನು ಮನೆಯೆಂದು ಒಪ್ಪುತ್ತದೆ, ಯಾರದನ್ನು ಒಪ್ಪುವುದಿಲ್ಲ ಎಂಬುದು ಅರ್ಥವಾಗುತ್ತದೆ.

ಮೊದಲು ಅಲಂಕಾರದ ಪ್ರಾಯೋಗಿಕ ಸಂಗತಿಗಳನ್ನೇ ನೋಡೋಣ. ಬಂಡಿಯ ಅಗಲ ಹೆಚ್ಚೆಂದರೆ ಎಂಟೂವರೆ ಅಡಿ. ಅದರೊಳಗೆ ಆಳೆತ್ತರದ ಮರ ನಿಲ್ಲಿಸಿದರೆ ಮನುಷ್ಯರು ನಡೆದಾಡಲು ಜಾಗವಿರುವುದಿಲ್ಲ. ಆದ್ದರಿಂದ ಮೇಜಿನ ಮೇಲೆ ಕೂರುವ ಗೇಣುದ್ದದ ಮರವೋ, ಗೋಡೆಗೆ ಮರದ ಆಕಾರದಲ್ಲಿ ಅಂಟಿಸಿದ ದೀಪದ ಸರವೋ ಸಾಕೆನಿಸುತ್ತದೆ. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯಬಾರದೆಂಬ ಮಾಲೀಕರ ಕಟ್ಟಪ್ಪಣೆ ಬೆಂಗಳೂರಿಗರಿಗೆ ಚೆನ್ನಾಗಿ ಗೊತ್ತು. ಇಲ್ಲಿ ಮೊಳೆಯನ್ನು ನಿಷೇಧಿಸುವುದು ತೆಳು ಗೋಡೆಯೇ. ಅಂಟುವ ಕೊಕ್ಕೆ, ಅಯಸ್ಕಾಂತಗಳೇ ಆಸರೆ. ಗಾಜಿನ ಗುಂಡುಗಳು ಮೊದಲ ತಿರುವಿನಲ್ಲೇ ಪುಡಿಯಾಗುವುದರಿಂದ ಬಟ್ಟೆ, ಮರ, ಪ್ಲಾಸ್ಟಿಕ್ಕಿನ ಅಲಂಕಾರಗಳಿಗೆ ಮೊರೆಹೋಗಬೇಕು. ಬಂಡಿ ಹೊರಲಾಗುವ ತೂಕಕ್ಕೆ ಮಿತಿಯಿರುವುದರಿಂದ ವರ್ಷಕ್ಕೊಮ್ಮೆ ಬಳಸುವ ಪೆಟ್ಟಿಗೆಯೊಂದನ್ನು ಹನ್ನೊಂದು ತಿಂಗಳು ಹೊತ್ತು ತಿರುಗುವುದೂ ಸುಲಭವಲ್ಲ. ಹಾಗಾಗಿ ಉಳಿಯುವುದು ಅತ್ಯಂತ ಪ್ರಿಯವಾದ ಹತ್ತಿಪ್ಪತ್ತು ವಸ್ತುಗಳು ಮಾತ್ರ.

ವಿದ್ಯುತ್ತಿನದು ಇನ್ನೊಂದು ಲೆಕ್ಕ. ಶುಲ್ಕ ತೆತ್ತು ಆರ್‌ವಿ ಪಾರ್ಕಿನಲ್ಲಿ ನಿಂತವರಿಗೆ ಸಾಮಾನ್ಯವಾಗಿ 120 ವೋಲ್ಟ್, 30 ಆಂಪಿಯರ್ ಸಂಪರ್ಕ ದೊರೆಯುತ್ತದೆ. ಅಂದರೆ ಒಟ್ಟು 3,600 ವಾಟ್. ಊರಾಚೆಯ ಸರ್ಕಾರಿ ಭೂಮಿಯಲ್ಲಿ ನಿಂತವರಿಗೆ ಬ್ಯಾಟರಿ ಮತ್ತು ಸೌರಫಲಕವೇ ಗತಿ. 12 ವೋಲ್ಟ್‌ನ 100 ಆಂಪಿಯರ್-ಗಂಟೆಯ ಸೀಸ-ಆಮ್ಲ ಬ್ಯಾಟರಿಯಲ್ಲಿ ಹಾನಿಯಾಗದಂತೆ ಬಳಸಬಹುದಾದದ್ದು ಸುಮಾರು 600 ವಾಟ್-ಗಂಟೆ. ಹಳೆಯ ಬಗೆಯ ನೂರು ಬಲ್ಬುಗಳ ಸರ 40 ವಾಟ್‌ನಷ್ಟು ಕಬಳಿಸುತ್ತಿತ್ತು. ಆರು ಗಂಟೆ ಉರಿಸಿದರೆ 240 ವಾಟ್-ಗಂಟೆ ಖಾಲಿ. ಅಷ್ಟೇ ಉದ್ದದ ಎಲ್‌ಇಡಿ ಸರಕ್ಕೆ ಸುಮಾರು 5 ವಾಟ್ ಸಾಕು. ಇಷ್ಟಾದರೂ ನಿಸರ್ಗ ಅಡ್ಡಬರುತ್ತದೆ. ಕ್ರಿಸ್‌ಮಸ್ ಬರುವುದು ಉತ್ತರಾರ್ಧಗೋಳದ ಅತಿ ದೀರ್ಘ ರಾತ್ರಿಯ ಬೆನ್ನಿಗೇ. ದೀಪ ಹೆಚ್ಚು ಬೇಕಾದ ದಿನಗಳಲ್ಲೇ ಚಾವಣಿಯ ಫಲಕದ ಮೇಲೆ ಬಿಸಿಲು ಅತ್ಯಂತ ಕಡಿಮೆ. ಚಳಿಗಾಲದಲ್ಲಿ ಸಾವಿರಾರು ಬಂಡಿಗಳು ಅರಿಜೋನಾದ ಕ್ವಾರ್ಟ್ಜ್‌ಸೈಟ್‌ನಂಥ ಮರುಭೂಮಿಯ ಊರುಗಳತ್ತ ಸಾಗುವುದಕ್ಕೆ ಬೆಚ್ಚನೆಯ ಹವೆಯ ಜೊತೆಗೆ ಈ ಬಿಸಿಲೂ ಕಾರಣ.

ಗಾಲಿಯ ಮೇಲಿನ ಬದುಕು ಅಮೆರಿಕನ್ನರಿಗೆ ಹೊಸದಲ್ಲ. 1919ರಲ್ಲೇ ಫ್ಲಾರಿಡಾದ ಟ್ಯಾಂಪಾದಲ್ಲಿ ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಸಂಘ ಕಟ್ಟಿಕೊಂಡು ಚಳಿಗಾಲವನ್ನು ಬಂಡಿಗಳಲ್ಲಿ ಕಳೆದವರಿದ್ದರು. 1978ರಲ್ಲಿ ಆರಂಭವಾದ ‘ಎಸ್ಕೇಪೀಸ್’ ಸಂಘ ವರ್ಷವಿಡೀ ಬಂಡಿಯಲ್ಲೇ ಇರುವವರ ಪತ್ರಗಳನ್ನು ಅವರಿದ್ದಲ್ಲಿಗೆ ತಲುಪಿಸುವ ವ್ಯವಸ್ಥೆಯನ್ನೇ ರೂಪಿಸಿತು. ಕೊರೊನಾ ಕಾಲದಲ್ಲಿ ಈ ಬದುಕಿನ ಆಕರ್ಷಣೆ ಉತ್ತುಂಗಕ್ಕೇರಿತು. 2021ರಲ್ಲಿ ಅಮೆರಿಕದ ತಯಾರಕರು ಮಾರುಕಟ್ಟೆಗೆ ಕಳುಹಿಸಿದ ಆರ್‌ವಿಗಳ ಸಂಖ್ಯೆ 6 ಲಕ್ಷ ದಾಟಿ ದಾಖಲೆಯಾಯಿತು. 2023ರ ವೇಳೆಗೆ ಅದು ಸುಮಾರು 3.13 ಲಕ್ಷಕ್ಕೆ ಕುಸಿಯಿತು. ನಿವೃತ್ತರು, ಎಲ್ಲಿಂದಲಾದರೂ ಕೆಲಸ ಮಾಡಬಲ್ಲ ಯುವಕರು ಇದನ್ನು ಇಷ್ಟಪಟ್ಟು ಆಯ್ದುಕೊಂಡವರು. ಇವರ ಬಂಡಿಗಳ ಮೇಲೆ ಕ್ರಿಸ್‌ಮಸ್ ದೀಪಗಳು ಹೊರಗೆ ತೂಗುತ್ತವೆ. ಪಾರ್ಕುಗಳಲ್ಲಿ ಅಲಂಕಾರ ಸ್ಪರ್ಧೆಗಳೂ ನಡೆಯುತ್ತವೆ.

ಆದರೆ ಎಲ್ಲರೂ ಆಯ್ದುಕೊಂಡವರಲ್ಲ. 2008ರ ಆರ್ಥಿಕ ಕುಸಿತದಲ್ಲಿ ಮನೆ, ಉಳಿತಾಯ ಎರಡನ್ನೂ ಕಳೆದುಕೊಂಡ ವಯಸ್ಸಾದವರು ಬಂಡಿ ಹತ್ತಿದ ಕಥೆಯನ್ನು ಪತ್ರಕರ್ತೆ ಜೆಸಿಕಾ ಬ್ರೂಡರ್ 2017ರಲ್ಲಿ ‘ನೋಮ್ಯಾಡ್‌ಲ್ಯಾಂಡ್’ ಎಂಬ ಕೃತಿಯಲ್ಲಿ ದಾಖಲಿಸಿದರು. ಅದನ್ನಾಧರಿಸಿದ ಕ್ಲೋಯಿ ಜಾವೊ ಅವರ ಚಲನಚಿತ್ರ 2021ರಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್ ಪಡೆಯಿತು. ಆ ಪುಸ್ತಕದಲ್ಲಿ ಬರುವ ‘ಕ್ಯಾಂಪರ್‌ಫೋರ್ಸ್’ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಅಮೆಜಾನ್ ಕಂಪನಿ 2008ರಲ್ಲಿ ಆರಂಭಿಸಿದ ಈ ಯೋಜನೆಯಲ್ಲಿ ಆರ್‌ವಿ ನಿವಾಸಿಗಳನ್ನು ಕ್ರಿಸ್‌ಮಸ್ ಮಾರಾಟದ ದಟ್ಟಣೆಯ ತಿಂಗಳುಗಳಿಗೆ ಗೋದಾಮಿನ ಕೆಲಸಕ್ಕೆ ಸೇರಿಸಿಕೊಳ್ಳಲಾಗುತ್ತಿತ್ತು. ಗಂಟೆಯ ಲೆಕ್ಕದ ಕೂಲಿ, ಜೊತೆಗೆ ಬಂಡಿ ನಿಲ್ಲಿಸುವ ಜಾಗದ ಬಾಡಿಗೆ. ಅರವತ್ತು, ಎಪ್ಪತ್ತು ದಾಟಿದವರು ದಿನಕ್ಕೆ ಮೈಲಿಗಟ್ಟಲೆ ನಡೆದು ಪರರ ಮನೆಯ ಮರದಡಿ ಸೇರಬೇಕಾದ ಉಡುಗೊರೆಗಳನ್ನು ಹುಡುಕಿ, ಕಟ್ಟಿ ಕಳುಹಿಸಿದರು. ಕೆಲಸದ ಕರಾರು ಮುಗಿಯುತ್ತಿದ್ದದ್ದು ಹಬ್ಬದ ಹೊಸ್ತಿಲಲ್ಲಿ. ಆ ಯೋಜನೆ ಈಗ ನಿಂತಿದೆ. ಆದರೆ ಹಬ್ಬದ ಸಂಭ್ರಮ ತಲುಪಿಸುವವರಿಗೇ ಹಬ್ಬ ಮಾಡಲು ಭದ್ರವಾದ ನೆಲೆಯಿಲ್ಲ ಎಂಬ ವಿಪರ್ಯಾಸ ನಿಂತಿಲ್ಲ.

ಕಾನೂನು ಈ ಬಂಡಿಯನ್ನು ಹೇಗೆ ಕಾಣುತ್ತದೆ? ಇದಕ್ಕೆ 1985ರ ‘ಕ್ಯಾಲಿಫೋರ್ನಿಯಾ ವಿರುದ್ಧ ಕಾರ್ನಿ’ ಪ್ರಕರಣವನ್ನು ನೋಡಬೇಕು. ಸ್ಯಾನ್ ಡಿಯೇಗೊದ ವಾಹನ ನಿಲುಗಡೆ ಸ್ಥಳದಲ್ಲಿದ್ದ ಮೋಟಾರು ಬಂಡಿಯೊಂದನ್ನು ಪೊಲೀಸರು ವಾರಂಟ್ ಇಲ್ಲದೆ ಶೋಧಿಸಿ ಮಾದಕ ವಸ್ತು ವಶಪಡಿಸಿಕೊಂಡಿದ್ದರು. ಮನೆ ಶೋಧಿಸಲು ವಾರಂಟ್ ಬೇಕು. ವಾಹನಕ್ಕೆ ಬಹುಮಟ್ಟಿಗೆ ಬೇಡ. ಈ ಬಂಡಿ ಮನೆಯೋ, ವಾಹನವೋ? ಅದಕ್ಕೆ ಮನೆಯ ಲಕ್ಷಣಗಳಿವೆಯೆಂದು ಒಪ್ಪಿಕೊಂಡೇ ಸುಪ್ರೀಂ ಕೋರ್ಟ್ 6-3ರ ಬಹುಮತದಿಂದ ವಾಹನವೆಂದು ತೀರ್ಮಾನಿಸಿತು. ಕೂಡಲೇ ಚಲಿಸಬಲ್ಲದ್ದು, ವಾಸಕ್ಕಲ್ಲದ ಜಾಗದಲ್ಲಿ ನಿಂತಿದ್ದದ್ದು ಎಂಬುದು ಅದರ ತರ್ಕ. ಬಂಡಿಯನ್ನು ದಿಮ್ಮಿಗಳ ಮೇಲೆ ನಿಲ್ಲಿಸಿದ್ದರೆ, ನೀರು-ವಿದ್ಯುತ್ ಸಂಪರ್ಕ ಪಡೆದಿದ್ದರೆ ಏನು ಎಂಬ ಪ್ರಶ್ನೆಯನ್ನು ಅಡಿಟಿಪ್ಪಣಿಯಲ್ಲಿ ತೆರೆದೇ ಇಟ್ಟಿತು. ಕೇಂದ್ರ ವಸತಿ ಇಲಾಖೆಯ 2018ರ ನಿಯಮವೂ ಆರ್‌ವಿಯನ್ನು ಶಾಶ್ವತ ವಾಸಕ್ಕೆಂದು ರೂಪಿಸದ, ವಿಹಾರದ ವಾಹನವೆಂದೇ ಗುರುತಿಸಿತು. ವಿಳಾಸದ ಮಾತೂ ಹೀಗೆಯೇ. ಪತ್ರ ರವಾನೆಯ ವಿಳಾಸದ ಮೇಲೆ ಸೌತ್ ಡಕೋಟದಲ್ಲಿ ಮತದಾರರಾಗುತ್ತಿದ್ದ ಬಂಡಿ ನಿವಾಸಿಗಳಿಗೆ, ನೋಂದಣಿಗೆ ಮುನ್ನ ರಾಜ್ಯದಲ್ಲಿ 30 ದಿನ ಇದ್ದಿರಬೇಕೆಂಬ 2023ರ ಕಾನೂನು ತೊಡಕಾಯಿತು.

ನಮ್ಮ ನುಡಿಯ ಸ್ಥಾವರ ಮತ್ತು ಜಂಗಮ ಎಂಬ ಜೋಡಿಪದಗಳಲ್ಲಿ ಜಂಗಮಕ್ಕೆ ಗೌರವವಿದೆ. ಆಧುನಿಕ ಕಾನೂನಿಗೆ ಮಾತ್ರ ಸ್ಥಾವರದ ಮೇಲೆ ಭರವಸೆ, ಜಂಗಮದ ಮೇಲೆ ಸಂಶಯ. ನೆಲಕ್ಕೆ ಬೇರುಬಿಟ್ಟದ್ದು ಮನೆ, ಗಾಲಿಯಿದ್ದದ್ದು ಬರೀ ಸ್ವತ್ತು.

ಈ ಸಂಶಯ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅಮೆರಿಕದ ಶ್ರೀಮಂತ ಪ್ರದೇಶದಲ್ಲೇ. ಗೂಗಲ್‌ನ ಕೇಂದ್ರ ಕಚೇರಿಯಿರುವ ಮೌಂಟನ್ ವ್ಯೂ ನಗರ ಬೆಂಗಳೂರಿನ ಅನೇಕ ಕುಟುಂಬಗಳಿಗೆ ಪರಿಚಿತ. ಮಕ್ಕಳನ್ನು ನೋಡಲು ಸಿಲಿಕಾನ್ ಕಣಿವೆಗೆ ಹೋಗಿಬರುವ ತಂದೆತಾಯಂದಿರು ಅಲ್ಲಿನ ರಸ್ತೆಬದಿಯ ಸಾಲುಸಾಲು ಆರ್‌ವಿಗಳನ್ನು ಕಂಡಿರಬಹುದು. ಅವುಗಳಲ್ಲಿರುವವರಲ್ಲಿ ಪ್ರವಾಸಿಗರು ವಿರಳ. ಅದೇ ಕಣಿವೆಯ ಕಟ್ಟಡ, ಹೋಟೆಲು, ಮನೆಗೆಲಸಗಳಲ್ಲಿ ದುಡಿಯುತ್ತ ಅಲ್ಲಿನ ಬಾಡಿಗೆ ತೆರಲಾಗದವರೇ ಹೆಚ್ಚು. ಅವರಲ್ಲಿ ಲ್ಯಾಟಿನ್ ಅಮೆರಿಕ ಮೂಲದವರು ಬಹಳ. 2020ರ ನವೆಂಬರ್‌ನಲ್ಲಿ ನಗರದ ಮತದಾರರು ಕಿರಿದಾದ ರಸ್ತೆಗಳಲ್ಲಿ ದೊಡ್ಡ ವಾಹನಗಳ ನಿಲುಗಡೆಯನ್ನು ನಿರ್ಬಂಧಿಸಲು ಒಪ್ಪಿಗೆ ಕೊಟ್ಟರು. ವಿಷಯ ನ್ಯಾಯಾಲಯಕ್ಕೆ ಹೋಗಿ, 2022ರ ರಾಜಿಯಲ್ಲಿ ಕನಿಷ್ಠ ಮೂರು ಮೈಲಿಯಷ್ಟು ರಸ್ತೆಯಂಚು ಈ ಬಂಡಿಗಳಿಗೆ ದಕ್ಕಿತು. 2024ರ ಜೂನ್‌ನಲ್ಲಿ ಗ್ರಾಂಟ್ಸ್ ಪಾಸ್ ಪ್ರಕರಣದ ತೀರ್ಪು ಬಂತು: ಬೇರೆ ಆಶ್ರಯವಿಲ್ಲದಿದ್ದರೂ ಸಾರ್ವಜನಿಕ ಸ್ಥಳದಲ್ಲಿ ಮಲಗುವವರಿಗೆ ನಗರಗಳು ದಂಡ ವಿಧಿಸಬಹುದು. 2025ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ದೊಡ್ಡ ವಾಹನಗಳ ನಿಲುಗಡೆಗೆ ಎರಡು ಗಂಟೆಯ ಮಿತಿ ಹೇರಿತು; ಆಗಲೇ ಅಲ್ಲಿ ವಾಸವಿದ್ದ ಕೆಲವರಿಗೆ ತಾತ್ಕಾಲಿಕ ಪರವಾನಗಿ ನೀಡಿ ಒಕ್ಕಲೆಬ್ಬಿಸುವಿಕೆಯನ್ನು ತುಸು ಮುಂದೂಡಿತು.

ಇಂಥ ಬೀದಿಯಲ್ಲಿ ಕ್ರಿಸ್‌ಮಸ್ ದೀಪ ಹೊರಗೆ ಕಟ್ಟುವುದೆಂದರೆ ‘ಇಲ್ಲಿ ಜನ ವಾಸವಾಗಿದ್ದಾರೆ’ ಎಂದು ತಾನಾಗಿ ಸಾರಿದಂತೆ. ಎರಡು ಗಂಟೆಯ ಬಳಿಕ ಜಾಗ ಬದಲಿಸಬೇಕಾದವರು ಸರ ಕಟ್ಟಿ ಬಿಚ್ಚುವುದಾದರೂ ಎಷ್ಟು ಸಲ? ಆದ್ದರಿಂದ ಬೆಳಕು ಒಳಗೇ ಉಳಿಯುತ್ತದೆ, ಕಿಟಕಿಗೆ ದಪ್ಪ ಪರದೆ ಬೀಳುತ್ತದೆ. ಪಾರ್ಕಿನಲ್ಲಿ ಬಾಡಿಗೆ ಕೊಟ್ಟು ನಿಂತವರ ದೀಪ ಬಹುಮಾನ ಗಳಿಸಿದರೆ, ರಸ್ತೆಬದಿಯವರ ದೀಪ ನೋಟಿಸು ತರಬಹುದು. ವಾಹನ ಒಂದೇ, ಹಬ್ಬವೂ ಒಂದೇ. ವ್ಯತ್ಯಾಸವಿರುವುದು ನಿಂತ ನೆಲದ ಮೇಲಿನ ಹಕ್ಕಿನಲ್ಲಿ.

ರಸ್ತೆಯ ನಿವಾಸಿಗಳ ದೂರುಗಳಲ್ಲಿ ಹುರುಳಿಲ್ಲ ಎನ್ನಲಾಗದು. ಮಲಿನ ನೀರು ಚರಂಡಿಗೆ ಸೇರುವುದು, ಜನರೇಟರಿನ ಸದ್ದು, ಹಳೆಯ ಬಂಡಿಗಳಿಗೆ ಬೆಂಕಿ ತಗಲುವ ಅಪಾಯ, ಇವು ನಿಜವಾದ ತೊಂದರೆಗಳು. ಅಡುಗೆಗೂ ಚಳಿಗೂ ಪ್ರೋಪೇನ್ ಅನಿಲವನ್ನೇ ನಂಬಿದ ಇಕ್ಕಟ್ಟಾದ ಬಂಡಿಯಲ್ಲಿ ಒಣಗಿದ ಮರ, ಮೇಣದಬತ್ತಿಗಳು ಮೊದಲು ಅಪಾಯ ತರುವುದು ಒಳಗಿರುವವರಿಗೇ. ಆದರೆ ಇವು ಕೊಳವೆ, ತೊಟ್ಟಿ, ವಿದ್ಯುತ್ ಸಂಪರ್ಕಗಳಿಂದ ಪರಿಹಾರವಾಗಬಲ್ಲ ತೊಂದರೆಗಳು. ಬಂಡಿಯನ್ನು ಒಂದು ಬೀದಿಯಿಂದ ಇನ್ನೊಂದಕ್ಕೆ ಅಟ್ಟಿದರೆ ಮಲಿನ ನೀರೂ ಅದರೊಂದಿಗೇ ಹೋಗುತ್ತದೆ, ಅಷ್ಟೆ.

ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ 2004ರಿಂದಲೇ ‘ಸುರಕ್ಷಿತ ನಿಲುಗಡೆ’ ಎಂಬ ಪ್ರಯೋಗ ನಡೆದಿದೆ. ಚರ್ಚು, ಕಚೇರಿಗಳ ಖಾಲಿ ವಾಹನ ತಾಣಗಳಲ್ಲಿ ರಾತ್ರಿ ತಂಗಲು ಅವಕಾಶ, ಜೊತೆಗೆ ಖಾಯಂ ಮನೆ ಹುಡುಕಲು ನೆರವು. ಮೌಂಟನ್ ವ್ಯೂ ಸೇರಿದಂತೆ ಹಲವು ನಗರಗಳು ಈ ಮಾದರಿಯನ್ನು ಅನುಸರಿಸಿವೆ. ಇದು ಸರಿಯಾದ ದಿಕ್ಕು. ಆದರೆ ಇಂಥ ಅನೇಕ ತಾಣಗಳಿಂದ ಬೆಳಗಾಗುತ್ತಲೇ ಹೊರಡಬೇಕು. ರಾತ್ರಿಯ ನಿದ್ದೆಗೆ ಮಾನ್ಯತೆ ಸಿಕ್ಕಿದೆ, ಹಗಲಿನ ಬದುಕಿಗೆ ಸಿಕ್ಕಿಲ್ಲ. ಹಗಲೂ ರಾತ್ರಿ ಒಂದೇ ಕಡೆ ನಿಲ್ಲಲು ಬಿಡುವ, ನೀರು-ವಿದ್ಯುತ್ ಒದಗಿಸುವ ತಾಣಗಳು ಹೆಚ್ಚಬೇಕು. ಅವುಗಳ ವಿಳಾಸವನ್ನು ಮತಪಟ್ಟಿಯೂ ಶಾಲೆಯೂ ಒಪ್ಪಬೇಕು. ಬಾಡಿಗೆ ಮನೆಗಳು ದುಡಿಯುವವರ ಕೈಗೆಟುಕುವವರೆಗಾದರೂ ಇಷ್ಟು ಆಗಲೇಬೇಕಾದ ಕೆಲಸ.

ಮೆಕ್ಸಿಕೊದಿಂದ ಬಂದವರು ಡಿಸೆಂಬರ್ 16ರಿಂದ 24ರವರೆಗೆ ‘ಲಾಸ್ ಪೊಸಾದಾಸ್’ ಆಚರಿಸುತ್ತಾರೆ. ತುಂಬು ಗರ್ಭಿಣಿ ಮೇರಿಯೊಂದಿಗೆ ಜೋಸೆಫ್ ತಂಗಲು ಜಾಗ ಕೇಳುತ್ತ ಅಲೆದ ಪ್ರಸಂಗವನ್ನು ಮನೆಮನೆಯ ಬಾಗಿಲು ತಟ್ಟಿ ಅಭಿನಯಿಸುವ ಪದ್ಧತಿ ಇದು. ಪೊಸಾದಾ ಎಂದರೆ ತಂಗುದಾಣ. ಮೊದಲ ಬಾಗಿಲುಗಳು ತೆರೆಯುವುದಿಲ್ಲ. ಕೊನೆಯದು ತೆರೆಯುತ್ತದೆ, ಅಲ್ಲಿ ಹಬ್ಬ ಶುರುವಾಗುತ್ತದೆ. ಜಾಗ ಸಿಗದ ಕುಟುಂಬವೊಂದರ ನೆನಪಿನಲ್ಲಿ ಇಡೀ ದೇಶ ಬೆಳಗುವ ವಾರದಲ್ಲಿ, ಅದೇ ದೇಶದ ದುಡಿಯುವ ಕುಟುಂಬಗಳು ತಮ್ಮ ಬೆಳಕನ್ನು ಬಚ್ಚಿಡಬೇಕಾಗಿದೆ. ಅಮೆರಿಕದ ನಗರಗಳು ಮುಂದೆ ರೂಪಿಸುವ ನಿಲುಗಡೆ ನಿಯಮಗಳನ್ನು ನಾನು ಅಳೆಯುವುದು ಒಂದೇ ಮಾನದಂಡದಿಂದ: ಬಂಡಿಯಲ್ಲಿ ಬದುಕುವ ಕುಟುಂಬವೊಂದು ತನ್ನ ದೀಪದ ಸರವನ್ನು ಅಂಜದೆ ಹೊರಗೆ ಕಟ್ಟಬಹುದೇ, ಹೊಸ ವರ್ಷದವರೆಗೆ ಅಲ್ಲೇ ಬಿಡಬಹುದೇ?