ಕೇಳದೆ ಕೊಟ್ಟ ತೀರ್ಪು



ಕಳೆದ ತಿಂಗಳು ನಮ್ಮ ಬೈರಿದೇವರಕೊಪ್ಪದಲ್ಲಿ ಕೆಲವು ಹಿರಿಯರು ಕೂಡಿ ನಡೆಯಿಸುವ ವಾಚನಕೂಟದ ಮುಂದೆ ಒಂದು ಪ್ರಬಂಧವು ಬಂದಿತು. ‘ಐರನ್ ಮೇಡನ್’ ಎಂಬ ಇಂಗ್ಲಿಷ್ ವಾದ್ಯವೃಂದದ ಹಾಡುಗಳಲ್ಲಿ ತನಗೆ ಮೆಚ್ಚಿಕೆಯಾದ ಹತ್ತು ಯಾವವು, ಯಾಕೆ ಮೆಚ್ಚಿಕೆಯಾದವು ಎಂಬುದು ಅದರ ವಿಷಯವು. ಬರೆದವನು ಮೂವತ್ತೇಳು ವರ್ಷದ ಗೃಹಸ್ಥನು. ನಮ್ಮ ಕೂಟದಲ್ಲಿ ಮಾತ್ರ ಇನ್ನೂ ಹುಡುಗನು. ಅವನಿಗೆ ಓದಗೊಡಲಿಲ್ಲ. ‘ಇದು ಸಂಗೀತವಲ್ಲ, ಅಸುರರ ಕೂಗಾಟ, ಪರದೇಶದ್ದು, ಮೇಲಾಗಿ ಮೆಚ್ಚಿಕೆಯ ಪಟ್ಟಿಯೆಂಬುದು ಸಾಹಿತ್ಯವೇ ಅಲ್ಲ’ ಎಂದು ಮೂರು ಮಾತಿನಲ್ಲಿ ತೀರ್ಪಾಯಿತು. ತೀರ್ಪು ಕೊಟ್ಟ ಐವರಲ್ಲಿ ಒಬ್ಬರಾದರೂ ಆ ಹತ್ತರಲ್ಲಿ ಒಂದನ್ನು ಕೇಳಿದವರಲ್ಲ. ನಾನು ಒಬ್ಬೊಬ್ಬರನ್ನೂ ವಿಚಾರಿಸಿಯೇ ಈ ಮಾತನ್ನು ಬರೆಯುತ್ತಿರುವೆನು.

ಇದನ್ನು ಆಕ್ಷೇಪಿಸಲು ನಾನು ಅಧಿಕಾರಿಯಲ್ಲವೆಂದರೆ ಅದೂ ನಿಜವೇ. 2002ರಲ್ಲಿ ಇದೇ ಹುಡುಗನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ನನ್ನ ಸಂಸ್ಕೃತದ ತಾಸಿನಲ್ಲಿ ಅವನ ಚೀಲದಿಂದ ಈ ವೃಂದದ ಒಂದು ಕ್ಯಾಸೆಟ್ಟು ಹೊರಬಿದ್ದಿತು. ಹೊದಿಕೆಯ ಮೇಲೆ ಪ್ರೇತಮುಖದ ಚಿತ್ರ. ನಾನು ಅದನ್ನು ಕಸಿದುಕೊಂಡು, ಇಡಿಯ ವರ್ಗದ ಎದುರಿಗೆ ‘ರಾಕ್ಷಸ ಸಂಗೀತ’ವೆಂದು ಹೀಗಳೆದು, ವಾರ್ಷಿಕ ಪರೀಕ್ಷೆಯ ವರೆಗೆ ಕಪಾಟಿನಲ್ಲಿಟ್ಟೆನು. ಕೇಳಲಿಲ್ಲ. ಅಡಿಗೆಮನೆಯಲ್ಲಿ ಹೊಗೆ-ಬೆಂಕಿಗಳನ್ನು ಕೂಡಿಯೇ ಕಂಡವನಿಗಲ್ಲದೆ ಬೆಟ್ಟದ ಹೊಗೆಯಿಂದ ಬೆಂಕಿಯ ಅನುಮಾನವು ಹುಟ್ಟದೆಂದು ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಬಾಯಿಪಾಠ ಮಾಡಿದವನು ಹೀಗೆ ನಡೆದುಕೊಂಡೆನು! ಈ ಸಾರೆ ಕೂಟದಿಂದ ಹೊರಬಿದ್ದು ನೆಟ್ಟಗೆ ನನ್ನ ಮನೆಗೆ ಬಂದ ಅವನು ಹೇಳಿದ್ದು ಇಷ್ಟೇ: “ಒಮ್ಮೆ ಕೇಳ್ರಿ ಸರ, ಆಮ್ಯಾಲೆ ಬೈರಿ.” ಮೂರು ದಿವಸ ಕೇಳಿದೆನು. ಮೂರನೆಯ ದಿವಸ ನಮ್ಮ ಮನೆಯವರು ಅಡಿಗೆಮನೆಯ ಬಾಗಿಲು ಮುಚ್ಚಿಕೊಂಡರೆಂಬುದನ್ನು ಮುಚ್ಚಿಡುವದಿಲ್ಲ.

ಗದ್ದಲದ ಆಕ್ಷೇಪಕ್ಕೆ ಹೆಚ್ಚು ಉತ್ತರ ಬೇಡ. ಗಣಪತಿಯ ವಿಸರ್ಜನೆಯ ರಾತ್ರಿ ಡಿಜೆಯೆಂಬ ಯಂತ್ರವು ಕಿಟಕಿಯ ಗಾಜುಗಳನ್ನು ನಡುಗಿಸುವಾಗ ಬಾಯಿಬಿಡದವರು, ಹೋಳಿಯಲ್ಲಿ ಬಂಡಿಯ ಗಾಲಿಯಷ್ಟು ದೊಡ್ಡ ಜಗ್ಗಲಗಿಗಳು ಹುಬ್ಬಳ್ಳಿಯ ಬೀದಿಗಳಲ್ಲಿ ಮೊಳಗುವಾಗ ಮೊಮ್ಮಕ್ಕಳನ್ನು ಹೆಗಲ ಮೇಲೆ ಹೊತ್ತು ತೋರಿಸುವವರು, ಶಬ್ದಕ್ಕೆ ಅಂಜುವೆವೆಂದರೆ ನಂಬುವದು ಹೇಗೆ? ಅವರಿಗೆ ಬೇಡವಾದದ್ದು ಶಬ್ದವಲ್ಲ, ರೌದ್ರವು. ಆದರೆ ಭರತಮುನಿಯು ಎಣಿಸಿದ ಎಂಟು ರಸಗಳಲ್ಲಿ ರೌದ್ರವೂ ಭಯಾನಕವೂ ಬೀಭತ್ಸವೂ ಸೇರಿವೆಯಷ್ಟೇ? ಗುಗ್ಗಳದ ಮೆರವಣಿಗೆಯಲ್ಲಿ ಪುರವಂತರು ಖಡ್ಗ ಹಿಡಿದು ವೀರಭದ್ರನ ಒಡಪುಗಳನ್ನು ಕೂಗಿ ಹೇಳುವಾಗ ನಾವು ಕೈ ಮುಗಿಯುವೆವು. ರನ್ನನ ಗದಾಯುದ್ಧದಲ್ಲಿ ಸರೋವರದೊಳಗೆ ಅಡಗಿ ಕುಳಿತ ದುರ್ಯೋಧನನಿಗೆ ಭೀಮನ ಗರ್ಜನೆಯಿಂದ ತಣ್ಣೀರಿನಲ್ಲಿಯೂ ಬೆವರೊಡೆದ ಪ್ರಸಂಗವನ್ನು ಕನ್ನಡ ಕಲಿಸಿದ ಯಾವ ಮಾಸ್ತರನು ತಲೆದೂಗದೆ ಹೇಳಿದ್ದಾನೆ? ಅಲ್ಲಿ ರಸವನ್ನು ಹುಟ್ಟಿಸಿದ್ದು ಒಂದು ಕೂಗಲ್ಲದೆ ಮತ್ತೇನು? ಕ್ಯಾಸೆಟ್ಟಿನ ಪ್ರೇತಮುಖಕ್ಕೂ ನನ್ನ ಉತ್ತರವು ಇದೇ.

ಇನ್ನು ಪರದೇಶದ್ದೆಂಬ ಮಾತು. ಪಿಟೀಲು ಎಲ್ಲಿಯದು? ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಯುರೋಪಿಯನ್ನರಿಂದ ಕಲಿತು ತಂದರು. ಇಂದು ಅದಿಲ್ಲದೆ ಕರ್ನಾಟಕ ಸಂಗೀತದ ಕಚೇರಿಯೇ ಇಲ್ಲ. ನಮ್ಮ ಭಜನೆಯ ಹಾರ್ಮೋನಿಯಮ್ಮಿನ ಕಥೆಯಂತೂ ವಿಚಿತ್ರವು. ನಮ್ಮ ಸ್ವರಗಳಿಗೆ ಒಗ್ಗದ ಪರದೇಶೀ ಪೆಟ್ಟಿಗೆಯೆಂದು ಆಕಾಶವಾಣಿಯು 1940ರಲ್ಲಿ ಅದಕ್ಕೆ ಬಹಿಷ್ಕಾರ ಹಾಕಿತು. ಆ ನಿರ್ಬಂಧವು ಸಡಿಲಾಗಲು 1971 ಬರಬೇಕಾಯಿತು. ಅಷ್ಟರಲ್ಲಿ ಪೆಟ್ಟಿಗೆಯು ಮಠ ಮಂದಿರಗಳಲ್ಲೆಲ್ಲ ಕಾಲು ಚಾಚಿ ಕುಳಿತಿತ್ತು.

ಇದಕ್ಕೂ ಹೆಚ್ಚಿನ ವಿಪರ್ಯಾಸವೊಂದಿದೆ. ಬಿ. ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಎಂಬ ಪುಸ್ತಕವನ್ನು 1926ರಲ್ಲಿ ಹೊರತಂದಾಗ ಹೊಸಗನ್ನಡಕ್ಕೆ ಹೊಸ ಬಾಗಿಲು ತೆರೆಯಿತೆಂದು ನಾವೇ ಸಭೆಗಳಲ್ಲಿ ಹೊಗಳುವೆವು. ಆಂಗ್ಲಕವಿಗಳ ಭಾವವು ಪುಸ್ತಕದಲ್ಲಿ ಬಂದರೆ ನವೋದಯ. ಅದೇ ಕವಿಗಳು ಗಿಟಾರನ್ನು ಹೆಗಲಿಗೇರಿಸಿ ಬಂದರೆ ಅಸುರರು! ಇದು ಮಾತಿನ ಚಮತ್ಕಾರಕ್ಕಾಗಿ ಹೇಳಿದ್ದಲ್ಲ. ಹುಡುಗನ ಪಟ್ಟಿಯ ಮೊದಲನೆಯ ಹಾಡು ‘ರೈಮ್ ಆಫ್ ದಿ ಏನ್ಶಂಟ್ ಮ್ಯಾರಿನರ್’, 1984ರದು. ಇದು ಕೋಲರಿಜ್ ಕವಿಯು 1798ರಲ್ಲಿ ಪ್ರಕಟಿಸಿದ ನೀಳ್ಗವನದ ಕಥೆಯೇ. ಕಾರಣವಿಲ್ಲದೆ ಕಡಲಹಕ್ಕಿಯನ್ನು ಕೊಂದ ನಾವಿಕನ ಹಡಗು ಗಾಳಿಯಿಲ್ಲದೆ ನಿಲ್ಲುವದು. ಸುತ್ತಲೂ ಸಮುದ್ರವಿದ್ದು ಕುಡಿಯಲು ಹನಿ ನೀರಿಲ್ಲದೆ ಸಂಗಡಿಗರು ಸಾಯುವರು. ನೀರಹಾವುಗಳನ್ನು ಕಂಡು ಅವನ ಮನಸ್ಸು ತಾನಾಗಿ ಹರಸಿದಾಗ ಕೊರಳಿಗೆ ಕಟ್ಟಿದ್ದ ಸತ್ತ ಹಕ್ಕಿಯು ಕಳಚಿ ಬೀಳುವದು. ಹದಿಮೂರು ನಿಮಿಷಕ್ಕೂ ಮಿಕ್ಕ ಈ ಹಾಡಿನ ನಡುವೆ, ಹಡಗು ನಿಂತಲ್ಲಿಯೇ ವಾದ್ಯಗಳೂ ನಿಲ್ಲುತ್ತವೆ. ಹಲಗೆಗಳು ಕಿರ್ರೆನ್ನುವ ಸದ್ದು, ಮೂಲಕವನದ ಸಾಲುಗಳನ್ನು ಓದುವ ಒಂದು ದನಿ, ಇಷ್ಟೇ ಉಳಿಯುತ್ತದೆ. ಗದ್ದಲದವರಿಗೆ ಮೌನದ ಬೆಲೆ ಗೊತ್ತಿಲ್ಲವೆನ್ನುವವರು ಆ ಎರಡು ಮೂರು ನಿಮಿಷಗಳನ್ನು ಕೇಳಬೇಕು. ಹುಡುಗನು ಈ ಹಾಡಿನಿಂದಲೇ ಕೋಲರಿಜನ ಕಾವ್ಯವನ್ನು ಹುಡುಕಿ ಓದಿದನಂತೆ. ನಮ್ಮ ತಾಸುಗಳಿಂದ ಎಷ್ಟು ಹುಡುಗರು ಕಾಳಿದಾಸನನ್ನು ಹುಡುಕಿ ಹೋದರು? ನಾನು ಎಣಿಸಹೋಗುವದಿಲ್ಲ.

ಎರಡನೆಯದು ‘ದಿ ಟ್ರೂಪರ್’, 1983ರದು. ಕ್ರಿಮಿಯಾ ಯುದ್ಧದಲ್ಲಿ, 1854ರ ಅಕ್ಟೋಬರ 25ರಂದು, ಬಾಲಾಕ್ಲಾವಾದಲ್ಲಿ ತಪ್ಪು ತಿಳಿದ ಆಜ್ಞೆಯೊಂದರಿಂದ ಆರುನೂರಕ್ಕೂ ಮಿಕ್ಕ ಬ್ರಿಟಿಷ್ ರಾವುತರು ರಷ್ಯನ್ನರ ತೋಪುಗಳ ಎದುರಿಗೆ ನುಗ್ಗಿದರು. ಟೆನಿಸನ್ನನು ಅದೇ ವರ್ಷ ಬರೆದ ಕವನವು ಆ ದಂಡನ್ನು ದೂರದಿಂದ ಕಂಡು ಕೊಂಡಾಡುವದು. ಈ ಹಾಡಿನಲ್ಲಿ ಒಬ್ಬನೇ ರಾವುತನು ತನ್ನ ಸಾವನ್ನು ತಾನೇ ಹೇಳುವನು, ಅವನಿಗಾಗಿ ಅಳುವವರು ಹತ್ತಿರದಲ್ಲಿ ಯಾರೂ ಇಲ್ಲ. ವೀರದ ವಸ್ತುವು ಕರುಣಕ್ಕೆ ತಿರುಗಿದೆ. ಛಂದಸ್ಸಿನ ಅಭ್ಯಾಸವುಳ್ಳವರಿಗೆ ಇನ್ನೊಂದು ಸಂಗತಿ. ಕುದುರೆಯ ನಾಗಾಲೋಟವನ್ನು ಹಿಡಿಯಲು ಈ ವೃಂದದವರು ಬಳಸುವ ನಡೆಯು ಒಂದು ಉದ್ದ ಪೆಟ್ಟು, ಎರಡು ಗಿಡ್ಡ ಪೆಟ್ಟು: ಗುರು, ಲಘು, ಲಘು. ನಮ್ಮ ಭಗಣ! ಟೆನಿಸನ್ನನ ಕವನದ ನಡೆಯೂ ಬಹುಮಟ್ಟಿಗೆ ಅದೇ. ಮೇಜಿನ ಮೇಲೆ ಬೆರಳಿನಿಂದ ಬಡಿದು ನೋಡಿ ನಾನು ಎದ್ದು ನಿಂತುಬಿಟ್ಟೆನು.

ಗಲ್ಲಿಗೇರುವ ಕೈದಿಯ ಕೊನೆಯ ಗಳಿಗೆಯನ್ನು ಹೇಳುವ ‘ಹ್ಯಾಲೋಡ್ ಬಿ ದೈ ನೇಮ್’ (1982) ಎಂಬುದನ್ನು ಅವನು ಮೂರನೆಯದಾಗಿ ಇಟ್ಟಿರುವನು. ನಾನಾದರೆ ಮೊದಲನೆಯದಾಗಿ ಇಡುತ್ತಿದ್ದೆನು. ನಾಲ್ಕನೆಯದು ‘ಅಲೆಕ್ಸಾಂಡರ್ ದಿ ಗ್ರೇಟ್’ (1986). ಇದು ನನಗೆ ಸ್ವಲ್ಪವೂ ಸೇರಲಿಲ್ಲ: ಇಸವಿ, ಊರು, ಗೆಲುವುಗಳನ್ನು ಸಾಲುಗಟ್ಟಿ ಹೇಳುವ ಇತಿಹಾಸದ ಕಂಠಪಾಠ. ಸ್ವತಃ ಆ ವೃಂದದವರೇ 2023ರ ವರೆಗೆ ಅದನ್ನು ವೇದಿಕೆಯ ಮೇಲೆ ಹಾಡಿರಲಿಲ್ಲ. ಉಳಿದ ಆರರಲ್ಲಿ ಎರಡು ಚೆನ್ನಾಗಿವೆ. ನಾಲ್ಕರಲ್ಲಿ ಗಿಟಾರಿನವರು ನಿಲ್ಲಿಸಬೇಕಾದಲ್ಲಿ ನಿಲ್ಲಿಸಿಲ್ಲ. ಮಾತುಗಳು ವಾದ್ಯಗಳಲ್ಲಿ ಮುಳುಗಿಹೋಗುವವೆಂಬ ದೂರೂ ನನಗಿದೆ. ಪದಗಳನ್ನು ಬರೆದ ಕಾಗದವಿಲ್ಲದೆ ನನಗೆ ಅರ್ಧವೂ ತಿಳಿಯಲಿಲ್ಲ. ಆದರೆ ಹೀಗೆ ಒಪ್ಪಿ, ಒಪ್ಪದೆ, ಜಗಳಾಡಲು ಅವನ ಪಟ್ಟಿಯೇ ನನಗೆ ಎಡೆಗೊಟ್ಟಿತು. ಇದು ವಿಮರ್ಶೆಯಲ್ಲವಾದರೆ ವಿಮರ್ಶೆ ಯಾವುದು? ಮಲ್ಲಿಕಾರ್ಜುನನು ಹದಿಮೂರನೆಯ ಶತಮಾನದಲ್ಲಿ ಹಿಂದಿನ ಕವಿಗಳ ಪದ್ಯಗಳನ್ನು ಆರಿಸಿ ‘ಸೂಕ್ತಿಸುಧಾರ್ಣವ’ವನ್ನು ಕಟ್ಟಿದನು, ಅದು ಮೆಚ್ಚಿಕೆಯ ಪಟ್ಟಿಯಲ್ಲದೆ ಬೇರೇನೂ ಅಲ್ಲ, ಮತ್ತು ಆ ಪಟ್ಟಿಯಿಂದಲೇ ಮೂಲಗ್ರಂಥ ಕಳೆದುಹೋದ ಎಷ್ಟೋ ಪದ್ಯಗಳು ನಮಗೆ ಉಳಿದವು. ಈ ಹುಡುಗನಾದರೋ ಒಂದೊಂದಕ್ಕೂ ಕಾರಣವನ್ನು ಬರೆದಿರುವನು. ನಮ್ಮ ಕೂಟದಲ್ಲಿ ‘ಕುಮಾರವ್ಯಾಸನೇ ಶ್ರೇಷ್ಠನು’ ಎಂದು ವರ್ಷಕ್ಕೆ ನಾಲ್ಕು ಸಲ ಕೇಳುವೆವು. ಕಾರಣವನ್ನು ಕೇಳಿದರೆ ‘ಅದನ್ನೂ ಹೇಳಬೇಕೆ?’ ಎನ್ನುವರು.

ಐರನ್ ಮೇಡನ್ ವೃಂದವು 2007ರ ಮಾರ್ಚ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದಾಗ ಈ ಹುಡುಗನು ಇಬ್ಬರು ಗೆಳೆಯರೊಡನೆ ರಾತ್ರಿಯ ರೇಲ್ವೆಯಲ್ಲಿ ಹೋಗಿದ್ದನು. ಅಲ್ಲಿ ನೆರೆದ ಸಾವಿರಾರು ತರುಣರು ಯಾರೂ ಉರು ಹೊಡೆಯಿಸದೆ ಪದಗಳನ್ನೆಲ್ಲ ಬಾಯಿಪಾಠವಾಗಿ ಹಾಡುತ್ತಿದ್ದರೆಂದು ಪ್ರಬಂಧದಲ್ಲಿ ಬರೆದಿರುವನು. ಶಬ್ದಮಂಜರಿಯನ್ನು ಬೆತ್ತದಿಂದ ಕಲಿಸಿದ ನನಗೆ ಆ ವಾಕ್ಯವು ನೆಟ್ಟಿತು. ನಮ್ಮ ಕೂಟಕ್ಕೆ ಹೋದ ತಿಂಗಳು ಬಂದವರು ಹನ್ನೊಂದು ಜನ. ಅರವತ್ತರ ಕೆಳಗಿನವನು ಇವನೊಬ್ಬನೇ ಆಗಿದ್ದನು, ಅವನನ್ನೂ ಕಳಿಸಿಬಿಟ್ಟರು.

ಬರುವ ತಿಂಗಳ ಕೂಟದಲ್ಲಿ ನನ್ನ ಪಾಳಿಯಿದೆ. ಮೇಘದೂತದ ಮೇಲೆ ಮಾತನಾಡುವೆನೆಂದು ಹೆಸರು ಕೊಟ್ಟಿದ್ದೆನು. ಅದನ್ನು ಹಿಂದೆಗೆದುಕೊಂಡು ಆ ತಾಸನ್ನು ಅವನಿಗೆ ಬಿಟ್ಟುಕೊಟ್ಟಿರುವೆನು. ಹಾಡುಗಳನ್ನು ಕೇಳಿಸುವ ಏರ್ಪಾಡೂ ಆಗಿದೆ. ಐವರು ಹಿರಿಯರು ತಪ್ಪದೆ ಬರಬೇಕು, ಕೇಳಿದ ಮೇಲೆ ಮನಸಾರೆ ಬೈಯಬಹುದು. ಪ್ರಬಂಧದಲ್ಲಿ ನಾನು ಕೆಲವು ಕಾಗುಣಿತಗಳನ್ನು ತಿದ್ದಿರುವೆನು, ಅಲೆಕ್ಸಾಂಡರನನ್ನು ನಾಲ್ಕನೆಯ ಸ್ಥಾನದಿಂದ ಇಳಿಸೆಂದೂ ಹೇಳಿರುವೆನು. ಕಾಗುಣಿತಕ್ಕೆ ಒಪ್ಪಿದನು, ಅಲೆಕ್ಸಾಂಡರನ ವಿಷಯದಲ್ಲಿ ಒಪ್ಪಿಲ್ಲ.