ಬೆನ್ನುಹುರಿಯ ಬಳಿ ಒಂದು ತೊಟ್ಟು ಮಾರ್ಫೀನು

ಅರವತ್ತು ದಾಟಿದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯ ತೊಂದರೆ ಬಹು ಸಾಮಾನ್ಯವಾದುದು. ಮೂತ್ರಕೋಶದ ಬುಡದಲ್ಲಿ ಮೂತ್ರನಾಳವನ್ನು ಉಂಗುರದಂತೆ ಸುತ್ತುವರಿದಿರುವ ಈ ಗ್ರಂಥಿಯು ವಯಸ್ಸಾದಂತೆ ಬೆಳೆದು ಮೂತ್ರದ ಹಾದಿಯನ್ನು ಬಿಗಿಯುವುದುಂಟು. ಕೆಲವರಲ್ಲಿ ಅಲ್ಲಿಯೇ ಕ್ಯಾನ್ಸರ್ ತಲೆದೋರುವುದೂ ಉಂಟು. ಆಗ ಶಸ್ತ್ರಚಿಕಿತ್ಸೆ ಅನಿವಾರ್ಯವಾಗಬಹುದು. ಶಸ್ತ್ರವೈದ್ಯರ ಕೈಚಳಕವನ್ನು ಹೊಗಳಿ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಶಸ್ತ್ರಕ್ರಿಯೆ ಮುಗಿದ ಮೇಲಿನ ಮೊದಲ ರಾತ್ರಿಯನ್ನು ಕುರಿತು ಬರೆಯುವವರು ವಿರಳ. ನಾವು ಇಲ್ಲಿ ಹೇಳಹೊರಟಿರುವುದು ಆ ರಾತ್ರಿಯ ಸಂಗತಿಯನ್ನು.

"ಕತ್ತಿ ತಾಗಿದ ಮೇಲೆ ನೋವು ಇದ್ದೇ ಇರುತ್ತದೆ, ಸಹಿಸಬೇಕು" ಎಂಬುದು ನಮ್ಮಲ್ಲಿ ಬೇರೂರಿದ ಭಾವನೆ. ಹಲ್ಲು ಕಚ್ಚಿ ಮಲಗಿದ ಮುದುಕರನ್ನು ಗಟ್ಟಿಗರೆಂದು ಮನೆಯವರು ಮೆಚ್ಚುತ್ತಾರೆ. ಈ ಮೆಚ್ಚುಗೆ ನಮಗೆ ಸಮ್ಮತವಲ್ಲ. ಕೆಳಹೊಟ್ಟೆಯ ಗಾಯ ನೋಯುವವನು ಆಳವಾಗಿ ಉಸಿರೆಳೆಯಲಾರ, ಕೆಮ್ಮಲಾರ. ಕಫವು ಶ್ವಾಸಕೋಶದಲ್ಲಿಯೇ ನಿಲ್ಲುತ್ತದೆ. ಆತ ಹಾಸಿಗೆಯಿಂದ ಏಳಲಾರ. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಮೊದಲೇ ದಣಿದ ಹೃದಯ ಇನ್ನೂ ವೇಗವಾಗಿ ಬಡಿಯತೊಡಗುತ್ತದೆ. ಆದ್ದರಿಂದ ನೋವನ್ನು ನೀಗುವುದು ಚಿಕಿತ್ಸೆಯ ಒಂದು ಅಂಗವೇ ಹೊರತು ರೋಗಿಗೆ ತೋರುವ ಉಪಕಾರವಲ್ಲ.

ನೋವಿಗೆ ಅಫೀಮು ಅತ್ಯಂತ ಹಳೆಯ ಮದ್ದು. ಅದರ ಸಾರವಾದ ಮಾರ್ಫೀನನ್ನು ೧೯ನೆಯ ಶತಮಾನದ ಮೊದಲ ವರ್ಷಗಳಲ್ಲಿ ಜರ್ಮನಿಯ ಸರ್ಟೂರ್ನರ್ ಎಂಬ ಔಷಧಿಕಾರನು ಬೇರ್ಪಡಿಸಿದನು. ೧೮೯೮ರಲ್ಲಿ ಆಗಸ್ಟ್ ಬಿಯರ್ ಎಂಬ ಶಸ್ತ್ರವೈದ್ಯನು ಬೆನ್ನೆಲುಬಿನ ಸಂದಿನಲ್ಲಿ ಸೂಜಿಯನ್ನಿಳಿಸಿ, ಬೆನ್ನುಹುರಿಯನ್ನು ಸುತ್ತುವರಿದ ದ್ರವಕ್ಕೆ ಕೊಕೇನನ್ನು ಸೇರಿಸಿ, ದೇಹದ ಕೆಳಭಾಗವನ್ನು ಮರಗಟ್ಟಿಸಿದನು. ೧೯೦೧ರಲ್ಲಿಯೇ ರುಮೇನಿಯದ ರಾಕೊವಿಚಾನು-ಪಿಟೆಸ್ಟಿ ಎಂಬಾತನು ಅದಕ್ಕೆ ಮಾರ್ಫೀನನ್ನೂ ಬೆರೆಸಿದ್ದುಂಟು. ಆದರೆ ಮಾರ್ಫೀನು ಅಲ್ಲಿ ಏನು ಮಾಡುತ್ತದೆಂಬುದು ಆಗ ಯಾರಿಗೂ ತಿಳಿಯದು. ಮುಕ್ಕಾಲು ಶತಮಾನ ಕಾಲ ಆ ವಿಚಾರವು ಮೂಲೆಗೆ ಬಿದ್ದಿತು. ೧೯೭೩ರಲ್ಲಿ, ಮಾರ್ಫೀನು ಬಂದು ಕೂಡುವ ವಿಶಿಷ್ಟ ಗ್ರಾಹಕಗಳು ನರಮಂಡಲದಲ್ಲಿ ಇವೆಯೆಂದು ಅಮೆರಿಕ ಮತ್ತು ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ೧೯೭೬ರಲ್ಲಿ ಯಾಕ್ಷ್ ಮತ್ತು ರೂಡಿ ಎಂಬುವರು ಇಲಿಗಳ ಬೆನ್ನುಹುರಿಗೆ ನೇರವಾಗಿ ಮಾರ್ಫೀನನ್ನು ಕೊಟ್ಟು ನೋವು ಅಡಗುವುದನ್ನು ಕಂಡರು. ೧೯೭೯ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ವಾಂಗ್ ಮತ್ತು ಸಂಗಡಿಗರು ಎಂಟು ಮಂದಿ ರೋಗಿಗಳಲ್ಲಿ ಇದನ್ನು ಪ್ರಯೋಗಿಸಿದರು. ಅವರೆಲ್ಲರೂ ಮೂತ್ರಜನನಾಂಗಗಳ ಕ್ಯಾನ್ಸರಿನಿಂದ ಸೊಂಟ ಕಾಲುಗಳ ಅಸಹನೀಯ ವೇದನೆಯನ್ನು ಅನುಭವಿಸುತ್ತಿದ್ದವರು ಎಂಬುದು ನಮ್ಮ ವಿಷಯಕ್ಕೆ ಹತ್ತಿರವಾದ ಸಂಗತಿ.

ಗಾಯದಿಂದ ಹೊರಟ ನೋವಿನ ಸುದ್ದಿಯು ಬೆನ್ನುಹುರಿಯ ಹಿಂಗೊಂಬೆಂಬ ಭಾಗದಲ್ಲಿ ಒಂದು ನರದಿಂದ ಮತ್ತೊಂದಕ್ಕೆ ವರ್ಗವಾಗಿ ಮೆದುಳಿಗೆ ಏರುತ್ತದೆ. ಇದನ್ನು ರೈಲು ಬದಲಿಸುವ ಜಂಕ್ಷನ್ನಿಗೆ ಹೋಲಿಸಬಹುದು. ಮಾರ್ಫೀನಿನ ಗ್ರಾಹಕಗಳು ಇಲ್ಲಿ ದಟ್ಟವಾಗಿವೆ. ಮಾರ್ಫೀನು ಅವುಗಳಲ್ಲಿ ಕುಳಿತಾಗ ಸುದ್ದಿ ತಂದ ನರದ ತುದಿಯು ತನ್ನ ರಾಸಾಯನಿಕ ದೂತರನ್ನು ಸುಲಭವಾಗಿ ಹೊರಬಿಡದು. ಸುದ್ದಿ ಕೇಳಬೇಕಾದ ನರವೂ ಜಡವಾಗುತ್ತದೆ. ಕೊಕೇನಿನ ವರ್ಗದ ಮದ್ದುಗಳು ನೋವಿನೊಡನೆ ಸ್ಪರ್ಶವನ್ನೂ ಚಲನೆಯನ್ನೂ ನಿಲ್ಲಿಸಿಬಿಡುತ್ತವೆ. ಮಾರ್ಫೀನು ಹಾಗಲ್ಲ, ಕಾಲು ಆಡುತ್ತದೆ, ಮುಟ್ಟಿದ್ದು ತಿಳಿಯುತ್ತದೆ, ನೋವು ಮಾತ್ರ ಮಂಕಾಗುತ್ತದೆ. ರಕ್ತನಾಳದ ಮೂಲಕ ಕೊಡುವಾಗ ೧೦ ಮಿಲಿಗ್ರಾಂ ಬೇಕಾಗುವಲ್ಲಿ ಇಲ್ಲಿ ೦.೧ರಿಂದ ೦.೩ ಮಿಲಿಗ್ರಾಂ ಸಾಕು. ಮಾರ್ಫೀನು ಕೊಬ್ಬಿಗಿಂತ ನೀರನ್ನೇ ಮೆಚ್ಚುವ ವಸ್ತುವಾದುದರಿಂದ ಬೆನ್ನುಹುರಿಯ ದ್ರವದಲ್ಲಿ ಬಹುಕಾಲ ನಿಲ್ಲುತ್ತದೆ. ಒಂದು ಚುಚ್ಚುಮದ್ದಿನ ಫಲವು ಸುಮಾರು ಒಂದು ಹಗಲು ಒಂದು ರಾತ್ರಿ ಉಳಿಯುತ್ತದೆ. ಕೊಬ್ಬಿನಲ್ಲಿ ಬೇಗ ಕರಗುವ ಫೆಂಟನಿಲ್ಲಿನ ಪ್ರಭಾವವಾದರೋ ಕೆಲವೇ ಗಂಟೆಗಳದ್ದು.

ಈ ಕ್ರಮಕ್ಕೆ ಅಡ್ಡ ಪರಿಣಾಮಗಳಿಲ್ಲವೆ? ಇವೆ. ಮೈತುರಿಕೆ, ಓಕರಿಕೆ ಸಾಮಾನ್ಯ. ತುರಿಕೆಗೆ ಕೊಡುವ ವಾಡಿಕೆಯ ಅಲರ್ಜಿ ಮಾತ್ರೆಗಳು ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಮೂತ್ರ ಕಟ್ಟುವುದೂ ಉಂಟು. ಬೇರೆ ಶಸ್ತ್ರಕ್ರಿಯೆಗಳಲ್ಲಿ ಇದೊಂದು ದೊಡ್ಡ ಆಕ್ಷೇಪ. ಪ್ರಾಸ್ಟೇಟ್ ಶಸ್ತ್ರಕ್ರಿಯೆಯಾದವನಿಗೆ ಹೇಗೂ ಮೂತ್ರನಳಿಕೆಯನ್ನು ಹಾಕಿಯೇ ಇರುತ್ತಾರೆ, ಆದ್ದರಿಂದ ಇಲ್ಲಿ ಆ ಆಕ್ಷೇಪಕ್ಕೆ ಬಲವಿಲ್ಲ. ಈ ಕ್ರಮವು ಈ ಶಸ್ತ್ರಕ್ರಿಯೆಗೆ ವಿಶೇಷವಾಗಿ ಒಪ್ಪುತ್ತದೆಂದು ನಾವು ಹೇಳುವುದಕ್ಕೆ ಇದೂ ಒಂದು ಕಾರಣ. ಹಾಗೆಂದು ಎಲ್ಲರಿಗೂ ಬೇಕೆಂದಲ್ಲ. ಮೂತ್ರನಾಳದೊಳಗಿನಿಂದಲೇ ಗ್ರಂಥಿಯನ್ನು ಹೆರೆದು ತೆಗೆಯುವ ಕ್ರಮದಲ್ಲಿ ಹೊರಗೆ ಗಾಯವೇ ಇಲ್ಲ. ಅಲ್ಲಿ ಇದು ಬಹುಮಟ್ಟಿಗೆ ಅನಾವಶ್ಯಕ. ಸಣ್ಣ ರಂಧ್ರಗಳ ಮೂಲಕ ಯಂತ್ರಮಾನವನ ಸಹಾಯದಿಂದ ಮಾಡುವ ಶಸ್ತ್ರಕ್ರಿಯೆಯಲ್ಲಿ ವೈದ್ಯರಲ್ಲಿಯೇ ಒಮ್ಮತವಿಲ್ಲ. ಕೆಳಹೊಟ್ಟೆಯನ್ನು ಸೀಳಿ ಗ್ರಂಥಿಯನ್ನು ಪೂರ್ತಿ ತೆಗೆಯುವಾಗ ಮಾತ್ರ ಇದರ ಪ್ರಯೋಜನ ನಿಚ್ಚಳವಾದುದು. "ಚಟ ಹತ್ತೀತು" ಎಂಬ ಭಯವನ್ನು ಕೆಲವರು ಮುಂದಿಡುತ್ತಾರೆ. ಒಮ್ಮೆ ಕೊಡುವ ಮಿಲಿಗ್ರಾಮಿನ ಕಾಲು ಭಾಗದಿಂದ ಚಟ ಹತ್ತದು.

ನಿಜವಾದ ಭಯ ಬೇರೊಂದಿದೆ. ದ್ರವದಲ್ಲಿ ಉಳಿದ ಮಾರ್ಫೀನು ಮೆಲ್ಲಮೆಲ್ಲನೆ ಮೇಲಕ್ಕೆ ಸಾಗಿ, ಉಸಿರಾಟವನ್ನು ಆಳುವ ಮೆದುಳಿನ ಬುಡವನ್ನು ಮುಟ್ಟಬಲ್ಲದು. ಚುಚ್ಚಿ ಆರು, ಹನ್ನೆರಡು, ಒಮ್ಮೊಮ್ಮೆ ಅದಕ್ಕೂ ಹೆಚ್ಚು ಗಂಟೆಗಳಾದ ಮೇಲೆ ರೋಗಿಯ ಉಸಿರು ನಿಧಾನವಾಗಬಹುದು. ಬೆಳಗ್ಗೆ ಶಸ್ತ್ರಕ್ರಿಯೆಯಾದವನಿಗೆ ಈ ಗಂಡಾಂತರ ಒದಗುವುದು ರಾತ್ರಿ, ನೆಂಟರು ತೂಕಡಿಸುವ ವೇಳೆಯಲ್ಲಿ. ಆತ ಸುಖವಾಗಿ ನಿದ್ರಿಸುತ್ತಿದ್ದಾನೆಂದು ನೋಡಿದವರು ತಿಳಿದುಕೊಳ್ಳುತ್ತಾರೆ! ಆರಂಭದ ವರ್ಷಗಳಲ್ಲಿ ಪ್ರಮಾಣ ಹೆಚ್ಚಾಗಿದ್ದಾಗ ಇಂಥ ಪ್ರಕರಣಗಳು ವರದಿಯಾದವು. ಪ್ರಮಾಣ ತಗ್ಗಿದ ಮೇಲೆ ಅಪರೂಪವಾದವು, ಇಲ್ಲವಾಗಲಿಲ್ಲ. ವೃದ್ಧರಲ್ಲಿ, ನಿದ್ರೆಯಲ್ಲಿ ಉಸಿರು ಕಟ್ಟುವ ರೋಗವಿರುವವರಲ್ಲಿ, ಬೇರೆ ನಿದ್ರಾಕಾರಕಗಳನ್ನು ತೆಗೆದುಕೊಂಡವರಲ್ಲಿ ಅಪಾಯ ಹೆಚ್ಚು. ನಮ್ಮಲ್ಲಿ ಸಾಮಾನ್ಯವಾಗಿ ದೊರೆಯುವ ಸೀಸೆಯಲ್ಲಿ ೧೦ ಅಥವಾ ೧೫ ಮಿಲಿಗ್ರಾಂ ಮಾರ್ಫೀನಿರುತ್ತದೆ. ಅದರಿಂದ ೦.೧ ಮಿಲಿಗ್ರಾಮನ್ನು ಬೇರ್ಪಡಿಸುವಾಗ ದಶಾಂಶ ಬಿಂದು ಒಂದು ಸ್ಥಾನ ಸರಿದರೆ ಹತ್ತುಪಟ್ಟು ಮದ್ದು ಒಳಹೋಗುತ್ತದೆ. ಗಣಿತದ ತರಗತಿಯಲ್ಲಿ ಅರ್ಧ ಅಂಕ ಕಳೆಯುವ ತಪ್ಪು ಇಲ್ಲಿ ಪ್ರಾಣವನ್ನು ಕಳೆಯಬಲ್ಲದು. ಇಬ್ಬರು ನೋಡಿ ಒಪ್ಪದೆ ಆ ಪಿಚಕಾರಿಯನ್ನು ಬಳಸಲೇಬಾರದೆಂಬುದು ನಮ್ಮ ಮತ.

ಭಾರತವು ಕಾನೂನುಬದ್ಧವಾಗಿ ಅಫೀಮನ್ನು ಬೆಳೆಯುವ ಕೆಲವೇ ದೇಶಗಳಲ್ಲೊಂದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಗಸಗಸೆಯ ಹೊಲಗಳಿವೆ. ಹೀಗಿದ್ದೂ ೧೯೮೫ರ ಮಾದಕವಸ್ತು ಕಾನೂನಿನ ಬಿಗಿಯಿಂದ ಅನೇಕ ಆಸ್ಪತ್ರೆಗಳು ಮಾರ್ಫೀನನ್ನು ಇಟ್ಟುಕೊಳ್ಳಲು ಹಿಂಜರಿದವು. ೨೦೧೪ರ ತಿದ್ದುಪಡಿಯು ಪರವಾನಗಿಯ ತೊಡಕನ್ನು ಸಡಿಲಿಸಿತು. ಮದ್ದಿನ ಬೆಲೆಯೂ ಅಲ್ಪ. ಆದರೆ ಆ ಮದ್ದಿಗೆ ಬೇಕಾದ ಕಾವಲು ಅಗ್ಗವಲ್ಲ. ಅಮೆರಿಕದ ಅರಿವಳಿಕೆ ವೈದ್ಯರ ಸಂಘವು, ಮೊದಲ ೧೨ ಗಂಟೆಗಳಲ್ಲಿ ಗಂಟೆಗೊಮ್ಮೆಯಾದರೂ, ಮುಂದಿನ ೧೨ ಗಂಟೆಗಳಲ್ಲಿ ಎರಡು ಗಂಟೆಗೊಮ್ಮೆಯಾದರೂ ರೋಗಿಯ ಉಸಿರನ್ನೂ ಎಚ್ಚರವನ್ನೂ ಪರೀಕ್ಷಿಸಬೇಕೆಂದು ಹೇಳುತ್ತದೆ. ಮಾರ್ಫೀನನ್ನು ಗ್ರಾಹಕದಿಂದ ಕಿತ್ತುಹಾಕುವ ನಲಾಕ್ಸೋನ್ ಎಂಬ ಪ್ರತಿವಿಷವು ಕೈಗೆಟಕುವಂತಿರಬೇಕು. ಅದರ ಪ್ರಭಾವ ಬೇಗ ಇಳಿಯುವುದರಿಂದ ಮತ್ತೆ ಮತ್ತೆ ಕೊಡಬೇಕಾದೀತು. ಒಬ್ಬಳೇ ದಾದಿ ರಾತ್ರಿಯೆಲ್ಲ ಹತ್ತಾರು ಹಾಸಿಗೆಗಳನ್ನು ನೋಡಿಕೊಳ್ಳುವ ಆಸ್ಪತ್ರೆಯಲ್ಲಿ ಈ ಚುಚ್ಚುಮದ್ದನ್ನು ಕೊಡದಿರುವುದೇ ಲೇಸು. ಗಾಯದ ಅಂಚಿಗೆ ಮರಗಟ್ಟಿಸುವ ಮದ್ದನ್ನು ತುಂಬಿ, ವೇಳೆಗೆ ಸರಿಯಾಗಿ ಪ್ಯಾರಾಸಿಟಮಾಲ್ ಕೊಟ್ಟರೆ ಅಲ್ಲಿಯೂ ನೋವನ್ನು ಬಹುಮಟ್ಟಿಗೆ ತಗ್ಗಿಸಬಹುದು. ತಾತನಿಗೋ ತಂದೆಗೋ ಇಂಥ ಶಸ್ತ್ರಕ್ರಿಯೆ ನಿಶ್ಚಯವಾದಾಗ, ಹಿಂದಿನ ದಿನ ಅರಿವಳಿಕೆ ವೈದ್ಯರು ಬಂದು ಮಾತನಾಡಿಸುವುದು ವಾಡಿಕೆ. ಬೆನ್ನಿಗೆ ಮಾರ್ಫೀನನ್ನು ಕೊಡುವಿರಾ, ಕೊಟ್ಟರೆ ರಾತ್ರಿ ಉಸಿರನ್ನು ಎಣಿಸುವವರು ಯಾರು ಎಂದು ಅವರನ್ನು ಕೇಳಲು ನಮ್ಮ ವಿದ್ಯಾರ್ಥಿ ವಾಚಕರು ಸಂಕೋಚಪಡಬೇಕಾಗಿಲ್ಲ.